ಸಿಹಿ ಬೋರಿನ ಸಾಹುಕಾರರೂ ಕುದಿಯುವ ಗಾಡಿಯೂ

ಶಿರಗುಪ್ಪಿಯ ತಾತ್ಯಾಸಾಹೇಬ ಮಗದುಮ್ಮರ ಕಾರು ಊರಿಗೆ ಬಂದ ಮೊದಲ ತಿಂಗಳು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬಸ್‌ ಸ್ಟ್ಯಾಂಡಿಗೆ ಹೋಗುವ ದಾರಿ ಅವರ ಮನೆಯ ಮುಂದೆಯೇ ಹಾಯುತ್ತಿತ್ತು. ಆ ದಾರಿಯ ಅರ್ಧವನ್ನು ನುಂಗುವಂತೆ ಕಾರು ನಿಲ್ಲಿಸಿ, ತಾವು ಕಟ್ಟೆಯ ಮೇಲೆ ಕೂತು, ಸುತ್ತುಹಾಕಿ ಹೋಗುವವರಿಗೆಲ್ಲ "ಜ್ವಾಕಿ ಹೋಗ್ರಿ, ಬಣ್ಣ ಕಿತ್ತೀತು" ಎನ್ನುತ್ತಿದ್ದರು. ಕೀಳುವಷ್ಟು ಬಣ್ಣ ಅದರ ಮೈಮೇಲೆ ಉಳಿದಿರಲಿಲ್ಲ. ಮೀರಜಿನ ಒಬ್ಬ ನಿವೃತ್ತ ಡಾಕ್ಟರು ಇಪ್ಪತ್ತು ವರ್ಷ ಓಡಿಸಿ ಬಿಟ್ಟಿದ್ದ ಅಂಬಾಸಡರ್ ಅದು. ಹತ್ತೊಂಬತ್ತುನೂರಾ ಎಂಬತ್ತೇಳರಲ್ಲಿ ಆ ಊರಿನಲ್ಲಿ ಕಾರೆಂದರೆ ಕಾರೇ. ಅದರ ವಯಸ್ಸು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತಾತ್ಯಾಸಾಹೇಬರಿಗೆ ಆಗ ಐವತ್ತು ದಾಟಿತ್ತು. ಅಪ್ಪ ಬಿಟ್ಟುಹೋದ ಕಬ್ಬಿನ ಭೂಮಿ, ತಾವೇ ಹಚ್ಚಿದ ಒಂದಿಷ್ಟು ದ್ರಾಕ್ಷಿ, ತಲೆಯ ಮೇಲೆ ಇಸ್ತ್ರಿ ಕೆಡದ ಬಿಳಿ ಟೋಪಿ. ಕಾಗವಾಡದಲ್ಲಿ ಮೆಟ್ರಿಕ್‌ವರೆಗೆ ಓದಿ ಇಂಗ್ಲಿಷಿನಲ್ಲಿ ನಪಾಸಾಗಿದ್ದರು. ಪೇಪರು ತಿದ್ದಿದವನಿಗೆ ಇಂಗ್ಲಿಷು ಬರುತ್ತಿರಲಿಲ್ಲ ಎಂಬುದು ಅವರ ವಿವರಣೆ. ಮನೆಯಲ್ಲಿ ಕನ್ನಡ, ಮೀರಜಿನ ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ ಕೂಡಿಸಿ ಆಡುತ್ತಿದ್ದರು. ಒಳ್ಳೆಯ ಮನುಷ್ಯ. ಯಾರ ಮನೆಯ ಕೆಲಸಕ್ಕೂ ಇಲ್ಲ ಅಂದವರಲ್ಲ. ಒಂದೇ ಒಂದು ದೋಷ: ನಾಲ್ಕು ಮಂದಿಯ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಾತು ಸುಳ್ಳೆಂದು ಗೊತ್ತಾದರೆ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಅಂಥ ಒಂದು ಮಾತು ಬೋರಿನ ವಿಷಯದಲ್ಲಿ ಆಡಿಬಿಟ್ಟಿದ್ದರು. ಕಾರು ಬರುವ ಎರಡು ವರ್ಷ ಮೊದಲು ಊರ ಅಂಚಿನ ತಮ್ಮ ಹೊಲದಲ್ಲಿ ಬೋರು ಹೊಡೆಸಿದರು. ಮಗ್ಗುಲ ಹೊಲದವನು ಅವರ ಕಾಕಾನ ಮಗ ಆಬಾಸಾಹೇಬ. "ತಾತ್ಯಾ, ಅಲ್ಲಿ ಹೊಡಿಸಬ್ಯಾಡ. ಕಬ್ಬಿಗೆ ನೀರು ಬಿಟ್ಟು ಬಿಟ್ಟು ಆ ಭೂಮಿ ಸವಳು ಹಿಡದೈತಿ. ಉಪ್ಪ ಬರತೈತಿ ನೋಡು" ಎಂದು ಆತ ಹೇಳಿದ್ದೇ ತಪ್ಪಾಯಿತು. ಮರುದಿನವೇ ಮಷಿನ್ನು ಬಂತು. ನೀರೂ ಬಂತು. ನೆರೆದ ಮಂದಿಯ ಮುಂದೆ ತಾತ್ಯಾಸಾಹೇಬರು ಬೊಗಸೆ ಹಿಡಿದು ಗಟಗಟ ಕುಡಿದು, "ಸಕ್ರಿ! ಬರೇ ಸಕ್ರಿ!" ಎಂದು ಕೂಗಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡ ಮಂದಿ ಅದನ್ನು ಆನಂದಬಾಷ್ಪವೆಂದು ತಿಳಿದರು. ಅಂದಿನಿಂದ ಆಬಾಸಾಹೇಬನಿಗೂ ಅವರಿಗೂ ಮಾತು ನಿಂತಿತು.

ಹೆಂಡತಿ ತಾರಾಬಾಯಿಗೆ ನೀರಿನ ಬಗ್ಗೆ ಅಭಿಪ್ರಾಯವಿರಲಿಲ್ಲ, ಅನುಭವವಿತ್ತು. ಬೋರಿನ ನೀರಿನಲ್ಲಿ ತೊಗರಿಬೇಳೆ ಹೊತ್ತು ಏರುವವರೆಗೆ ಕುದಿಸಿದರೂ ಕಲ್ಲಿನಂತೆ ಉಳಿಯುತ್ತಿತ್ತು. ತಾಮ್ರದ ಹಂಡೆಯೊಳಗೆ ಸುಣ್ಣದ ಪದರು ಕಟ್ಟುತ್ತಿತ್ತು. ಆಕೆ ಸುದ್ದಿ ಮಾಡದೆ ಚಕ್ಕಡಿಯಲ್ಲಿ ಪೀಪಾಯಿ ಇಡಿಸಿ ಕೃಷ್ಣಾ ಹೊಳೆಯಿಂದ ನೀರು ತರಿಸಿ, ಮನೆತನದ ಪದ್ಧತಿಯಂತೆ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿ ಬಳಸುತ್ತಿದ್ದಳು. ತಾತ್ಯಾಸಾಹೇಬರು ಊಟಕ್ಕೆ ಕೂತು ಆ ನೀರನ್ನೇ ಕುಡಿಯುತ್ತಿದ್ದರು, ಕುಡಿಯುತ್ತ ಬೋರನ್ನು ಹೊಗಳುತ್ತಿದ್ದರು.

ಈಗ ಪ್ರಶ್ನೆ ಬಂದದ್ದು ಕಾರಿಗೆ ಯಾವ ನೀರು ಎಂಬುದು. ಕೀಲಿಕೈ ಕೊಡುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. ಹಳೆಯ ಗಾಡಿಯ ಇಂಜಿನ್ನು ಕಾಯುವುದು ಬೇಗ. ಅದನ್ನು ತಂಪಾಗಿಡುವ ರೇಡಿಯೇಟರಿಗೆ ಉಪ್ಪಿನ ನೀರು ಹಾಕಿದರೆ ಒಳಗಿನ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಶುದ್ಧ ನೀರಿಗೆ ಕೂಲಂಟ್ ಬೆರೆಸಿ ಹಾಕಿ, ಎರಡು ವರ್ಷಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿ. ತಾತ್ಯಾಸಾಹೇಬರು "ಹೋ, ಹೋ" ಎಂದು ತಲೆಯಾಡಿಸಿ ಬಂದರು. ಆದರೆ ಕಾರಿಗೆ ಹೊಳೆಯ ನೀರು ಹಾಕಿದರೆ ಬೋರಿನ ಗತಿಯೇನು? ಊರು ನೋಡುತ್ತದೆ. ಆಬಾಸಾಹೇಬ ನೋಡುತ್ತಾನೆ. ಹಾಗಾಗಿ ಗಾಡಿಗೆ ಬೋರಿನ ನೀರೇ ಬಿತ್ತು. ಅದೂ ಎಲ್ಲರಿಗೂ ಕಾಣುವಂತೆ, ಹಿತ್ತಾಳೆಯ ಕೊಡದಿಂದ.

ಕಾರು ಒಂದು ವರ್ಷ ತಾಳಿತು. ಆಮೇಲೆ ಕುದಿಯಲು ಶುರು ಮಾಡಿತು. ಅಥಣಿಗೆ ಹೊರಟರೆ ದಾರಿಯಲ್ಲೇ ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಉಗಿ. ಡ್ರೈವರ್ ಭೀಮಸಿ ಮೊದಲು ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರು ಹೊಡೆದವನು, ಐದು ಮಕ್ಕಳ ತಂದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ವೈದ್ಯರಂತೆ ಕಣ್ಣುಮುಚ್ಚಿ, "ಜ್ವರಾ ಬಂದಾವ್ರಿ ಮಾಲಕ್ರ" ಎನ್ನುತ್ತಿದ್ದ. ಔಷಧವೇನೆಂದು ಕೇಳಿದರೆ, "ಸ್ವಲ್ಪ ಹೊತ್ತು ಮಕ್ಕೊಳ್ಳಲಿ ಬಿಡ್ರಿ" ಎಂದು ತಾನು ಗಿಡದ ಕೆಳಗೆ ಮಲಗುತ್ತಿದ್ದ.

"ಆ ನೀರಿನಾಗ ಬ್ಯಾಳಿ ಬೇಯೂದಿಲ್ಲ, ಗಾಡಿ ಮಾತ್ರ ಚೊಲೋ ಬೇಯತೈತಿ ನೋಡ್ರಿ" ಎಂದಳು ತಾರಾಬಾಯಿ. ತಾತ್ಯಾಸಾಹೇಬರಿಗೆ ಅದು ಕೇಳಿಸಲಿಲ್ಲ. ಬೇಡದ ಮಾತು ಬಂದಾಗ ಅವರ ಎಡಗಿವಿ ಮಂದವಾಗುತ್ತಿತ್ತು.

ಅಥಣಿಯ ಮೇಸ್ತ್ರಿ ಬಾಳಾಸಾಬನಿಗೆ ಎಲ್ಲ ಗಾಡಿಯ ಎಲ್ಲ ರೋಗಕ್ಕೂ ಒಂದೇ ಮದ್ದು: ಏನಾದರೂ ಒಂದನ್ನು ಬಿಚ್ಚಿ ತೆಗೆಯುವುದು. ಅಂಬಾಸಡರಿನ ಇಂಜಿನ್ನಿನೊಳಗೆ ಕೈಹಾಕಿ, ಹಿತ್ತಾಳೆಯ ಒಂದು ಬಿಲ್ಲೆಯನ್ನು ಹೊರಗೆಳೆದು ತೋರಿಸಿದ.

"ಇದs ನೋಡ್ರಿ ಕಳ್ಳ. ಥರ್ಮೋಸ್ಟಾಟ್ ಅಂತಾರ. ಇಂಜಿನ್ ಬಿಸಿ ಆಗೂ ತನಕ ನೀರು ತಡದು ಹಿಡೀತೈತಿ."

"ಅದನ್ನ್ಯಾಕ ಇಟ್ಟಾರ ಮತ್ತ?"

"ವಿಲಾಯತಿ ಮಂದಿ ಮಾಡಿದ ಗಾಡಿರಿ. ಅಲ್ಲಿ ಬರ್ಫ ಬೀಳತೈತಿ. ಅಥಣಿಯಾಗ ಎಲ್ಲಿ ಬೀಳತೈತ್ರಿ ಬರ್ಫ? ಜಿಲ್ಲಾದಾಗಿನ ಅರ್ಧಾ ಗಾಡಿಗೋಳ ಥರ್ಮೋಸ್ಟಾಟ್ ನನ್ನ ಡಬ್ಬ್ಯಾಗ ಅದಾವು."

ತಾತ್ಯಾಸಾಹೇಬರಿಗೆ ಈ ತರ್ಕ ಬಹಳ ಹಿಡಿಸಿತು. ತಪ್ಪು ತಮ್ಮ ನೀರಿನದಲ್ಲ, ಇಂಗ್ಲೆಂಡಿನ ಹವೆಯದು! ಊರಿಗೆ ಬಂದು ಕಟ್ಟೆಯ ಮೇಲೆ ಇದನ್ನು ವಾರಗಟ್ಟಲೆ ವಿವರಿಸಿದರು. ಕಾರು ಚಳಿಗಾಲದಲ್ಲಿ ಕಾಯಲು ಅರ್ಧ ತಾಸು ಕೆಮ್ಮುತ್ತಿತ್ತು, ಬೇಸಿಗೆಯಲ್ಲಿ ಮೊದಲಿನಂತೆಯೇ ಕುದಿಯುತ್ತಿತ್ತು.

ಬಳಿಕ ರೇಡಿಯೇಟರು ಸೋರತೊಡಗಿತು. ಬಾಳಾಸಾಬ ಈ ಸಲ ಬಿಚ್ಚುವ ಬದಲು ಹಾಕಲು ಹೇಳಿದ. "ಒಂದ ಮುಟಗಿ ಅರಿಷಿಣ ಪುಡಿ ಹಾಕ್ರಿ. ತೂತಿನಾಗ ಹೋಗಿ ಕುಂದರತೈತಿ." ತಾರಾಬಾಯಿಯ ಅಡುಗೆಮನೆಯ ಡಬ್ಬಿ ಖಾಲಿಯಾಯಿತು. ಒಂದು ಮುಷ್ಟಿಗೆ ಸೋರುವುದು ಕಡಿಮೆಯಾದರೆ ನಾಲ್ಕು ಮುಷ್ಟಿಗೆ ಪೂರಾ ನಿಲ್ಲಬೇಕಲ್ಲ ಎಂಬುದು ತಾತ್ಯಾಸಾಹೇಬರ ಲೆಕ್ಕ. ಸೋರುವುದೇನೋ ನಿಂತಿತು, ನಳಿಗೆಗಳೊಳಗೆ ನೀರು ಓಡಾಡುವುದೂ ಮುಕ್ಕಾಲು ನಿಂತಿತು. ಒಂದು ದಿನ ಹಾರೂಗೇರಿಯ ಸಂತೆಯ ನಡುವೆ ಮುಚ್ಚಳ ಹಾರಿ, ಹಳದಿ ನೊರೆ ಬಾನೆಟ್ಟಿನ ಮೇಲೆಲ್ಲ ಇಳಿದಾಗ, "ಮದುಮಗಗ ಅರಿಷಿಣ ಹಚ್ಯಾರ, ಅಕ್ಕಿಕಾಳು ಯಾವಾಗ್ರಿ ಸಾಹುಕಾರ್ರ?" ಎಂದು ಬಾಳೆಹಣ್ಣು ಮಾರುವ ಸೋನಾಬಾಯಿ ಕೇಳಿದಳು. ಸಂತೆಗೆ ಸಂತೆಯೇ ನಕ್ಕಿತು. ಅಂದು ತಾತ್ಯಾಸಾಹೇಬರು ಊರಿಗೆ ಬಸ್ಸಿನಲ್ಲಿ ಬಂದರು, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು.

ಆ ನಗೆಯೇ ಅವರನ್ನು ಮೀರಜಿಗೆ ಅಟ್ಟಿತು. ಬಿಡಿಭಾಗದ ಅಂಗಡಿಯವನು ಹಸಿರು ಕೂಲಂಟಿನ ಡಬ್ಬಿಗಳನ್ನು ಇಳಿಸಿ, "ಅರ್ಧಂ ಪಾಣಿ, ಅರ್ಧಂ ಹೇ" ಎಂದು ಕೈಸನ್ನೆ ಮಾಡಿ ಮರಾಠಿಯಲ್ಲಿ ತಿಳಿಸಿದ. ಅರ್ಧ ನೀರು, ಅರ್ಧ ಇದು. ಕುಡಿದರೆ ವಿಷ, ಸಿಹಿ ಇರುತ್ತದೆಂದು ನಾಯಿ ನೆಕ್ಕಿದರೂ ಸಾಯುತ್ತದೆ, ಜೋಪಾನ ಎಂದೂ ಹೇಳಿದ. ಎರಡನೆಯ ಮಾತನ್ನು ತಾತ್ಯಾಸಾಹೇಬರು ಒಪ್ಪಿದರು. ಡಬ್ಬಿಗಳನ್ನು ದ್ರಾಕ್ಷಿಗೆ ಹೊಡೆಯುವ ಔಷಧದ ಜೊತೆ ಕಪಾಟಿನಲ್ಲಿ ಕೀಲಿ ಹಾಕಿಟ್ಟರು. ಮೊದಲ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ನೀರು ಕೂಡಸ್ರಿ ಅಂತ ಅಂಗಡಿಯಾಂವ ತಾನs ಹೇಳತಾನಂದ್ರ ಏನರ್ಥ?" ಎಂದು ಭೀಮಸಿಗೆ ಕೇಳಿದರು. "ಹಾಲಿಗೆ ನೀರು ಹಾಕೋ ಮಂದಿ ಅವರು. ನಾ ಅಸಲಿ ಮಾಲು ಅಸಲಿನ ಹಾಕಾಂವ."

"ಖರೇ ಐತ್ರಿ. ಗಟ್ಟಿ ಹಾಲು ಗಟ್ಟೀನ" ಎಂದ ಭೀಮಸಿ.

ಹೀಗೆ ರೇಡಿಯೇಟರಿನ ಅರಿಷಿಣವನ್ನು ಹೋದಷ್ಟು ತೊಳೆದು, ಬಾಯಿಮಟ ಬರೀ ಕೂಲಂಟನ್ನೇ ತುಂಬಿದರು. ಹಸಿರು ದ್ರವ ಕಂಡು ಊರ ಮಂದಿ ಬೆರಗಾದರು. ಬೆರೆಸದ ಕೂಲಂಟು ನೀರಿನಷ್ಟು ಬಿಸಿ ಹೊರಲಾರದು ಎಂದು ಅವರಿಗೆ ಯಾರು ಹೇಳಬೇಕು? ಹೇಳಿದವನ ಮಾತನ್ನೇ ಅವರು ಹಾಲಿನವನ ಲೆಕ್ಕಕ್ಕೆ ಹಾಕಿದ್ದರು.

ಅಷ್ಟರಲ್ಲಿ ಊರಿಗೆ ಕುಡಿಯುವ ನೀರಿನ ಟಾಕಿ ಬರುವುದೆಂದು ಸುದ್ದಿಯಾಯಿತು. ಎಲ್ಲಿಯ ನೀರು ಏರಿಸಬೇಕೆಂದು ನೋಡಲು ಚಿಕ್ಕೋಡಿಯಿಂದ ಇಂಜಿನಿಯರ್ ವಿರುಪಾಕ್ಷಪ್ಪನವರು ಬರುವವರಿದ್ದರು. ತಾತ್ಯಾಸಾಹೇಬರು ತಮ್ಮ ಬೋರನ್ನು ಊರಿಗೆ ದಾನ ಕೊಡಲು ಸಿದ್ಧರಾದರು. ಟಾಕಿಯ ಮೇಲೆ ತಂದೆಯ ಹೆಸರು ದೊಡ್ಡ ಅಕ್ಷರದಲ್ಲಿ ಬರೆಸಬೇಕು, ಅಷ್ಟೇ. ನೀರು ಉಪ್ಪಲ್ಲವೇ ಎಂದು ಯೋಚಿಸುವ ಹಂತವನ್ನು ಅವರು ದಾಟಿಬಿಟ್ಟಿದ್ದರು. ದೊಡ್ಡ ಮಾತು ಅಂದಮೇಲೆ ಅದಕ್ಕೊಂದು ದೊಡ್ಡ ಟಾಕಿ ಬೇಕಾಗುತ್ತದೆ.

ತಯಾರಿ ಜೋರಾಯಿತು. ತಾರಾಬಾಯಿ ಸೋಸಿ ಕಾಯಿಸಿ ಆರಿಸಿದ ಹೊಳೆಯ ನೀರನ್ನು ದೊಡ್ಡ ಕ್ಯಾನಿಗೆ ತುಂಬಿಸಿ, ಒದ್ದೆ ಗೋಣಿ ಸುತ್ತಿ ಡಿಕ್ಕಿಯಲ್ಲಿ ಇಡಿಸಿದರು. ಇದು ಬೋರಿನ ನಮೂನೆ. ಸಾಹೇಬರು ಆಫೀಸಿನಲ್ಲೇ ಕುಡಿದು, ಹೌದೆಂದು ಕಾಗದ ಮಾಡಿಬಿಟ್ಟರೆ ಬಿಸಿಲಲ್ಲಿ ಊರಿಗೆ ಬರುವ ತ್ರಾಸೇ ಇಲ್ಲ. ಬಂದೇ ಬಿಟ್ಟರೆ? ಅದಕ್ಕೂ ಉಪಾಯವಿತ್ತು. ಬೋರಿನ ಮೋಟರಿನ ಫ್ಯೂಜ್ ಕಿತ್ತಿಡಲು ಭೀಮಸಿಗೆ ಹೇಳಿದರು. ಕರೆಂಟಿಲ್ಲ ಎಂದರೆ ಆ ಕಾಲದಲ್ಲಿ ದೇವರೂ ನಂಬುತ್ತಿದ್ದ.

ಚಿಕ್ಕೋಡಿಯ ಆಫೀಸಿನಲ್ಲಿ ವಿರುಪಾಕ್ಷಪ್ಪನವರು ಒಂದು ಗ್ಲಾಸು ಕುಡಿದು, ಇನ್ನೊಂದು ಕೇಳಿ ಕುಡಿದರು. "ಭಾಳ ಚೊಲೋ ನೀರ್ರಿ ತಾತ್ಯಾಸಾಹೇಬ್ರ. ನಡೀರಿ, ಜಾಗಾ ನೋಡಿಬಿಡೂಣು" ಎಂದು ಎದ್ದರು. ಮೃದು ಮಾತಿನ ಮನುಷ್ಯ. ಕಾಗದ ಮಾಡುವ ಮೊದಲು ಜಾಗ ನೋಡುವ ಕೆಟ್ಟ ಚಟ ಅವರಿಗಿತ್ತು.

ಮೇ ತಿಂಗಳ ಮಧ್ಯಾಹ್ನ. ಹೊಳೆಯ ಸೇತುವೆ ದಾಟಿ ಸ್ವಲ್ಪ ಮುಂದೆ ಬರುವಷ್ಟರಲ್ಲಿ ಕಾರಿನ ಮುಂದೆ ಏನೂ ಕಾಣದಷ್ಟು ಉಗಿ ಎದ್ದಿತು. ಭೀಮಸಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಕೈ ಇಟ್ಟು, ತಟ್ಟನೆ ಹಿಂದೆಗೆದ. "ಈ ಸಲ ಸನ್ನಿ ಆಗೈತ್ರಿ ಮಾಲಕ್ರ."

"ಆರೂ ತನಕ ಮುಚ್ಚಳಾ ಮುಟ್ಟಬ್ಯಾಡ್ರಿ" ಎಂದರು ಇಂಜಿನಿಯರು.

ತಾತ್ಯಾಸಾಹೇಬರಿಗೆ ಅವಮಾನದ ಅವಸರ. ಹೆಗಲ ಟವೆಲ್ಲು ಸುತ್ತಿ ಮುಚ್ಚಳ ತಿರುವಿಯೇ ಬಿಟ್ಟರು. ಹಸಿರು ಕಾರಂಜಿ ಆಳೆತ್ತರ ಎದ್ದು ಅವರ ಬಿಳಿ ಟೋಪಿ, ಬಿಳಿ ಧೋತರ ಎರಡನ್ನೂ ತೋಯಿಸಿಬಿಟ್ಟಿತು. ಮುಖ ತಪ್ಪಿಸಿಕೊಂಡರು, ಮುಂಗೈ ಸುಟ್ಟಿತು. ನೋವಿಗೆ ಬಾಯಿ ತೆರೆದರೂ ಕೂಗಲಿಲ್ಲ. "ಅಸಲಿ ಮಾಲು ನೋಡ್ರಿ, ಜೋರ ಭಾಳ" ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಗಾಡಿ ಆರುವ ತನಕ ಮೂವರೂ ನೆರಳಲ್ಲಿ ಕೂತರು. ರೇಡಿಯೇಟರು ಅರ್ಧ ಖಾಲಿ. ಸುತ್ತ ಕಬ್ಬು, ಬಿಸಿಲು, ದೂರದಲ್ಲೆಲ್ಲೋ ಒಂದು ನಾಯಿ. ಭೀಮಸಿ ಡಿಕ್ಕಿ ತೆರೆದು ಕ್ಯಾನಿಗೆ ಕೈ ಹಾಕಿದ.

"ಏಯ್! ಅದು ಕುಡ್ಯಾಕ ಇಟ್ಟದ್ದು!" ತಾತ್ಯಾಸಾಹೇಬರು ಹೌಹಾರಿದರು.

"ಬೋರಿಂದ ಅಲ್ಲೇನ್ರಿ ಅದು?" ಎಂದರು ವಿರುಪಾಕ್ಷಪ್ಪನವರು.

"ಬೋರಿಂದs."

"ಊರಿಗೆ ಹೋದ್ರ ಬೇಕಾದಷ್ಟ ಐತಲ್ರಿ ಮತ್ತ. ಹಾಕ್ರಿ, ಹಾಕ್ರಿ."

ಆ ಕ್ಯಾನು ಖಾಲಿಯಾದರೆ ಊರಲ್ಲಿ ತೋರಿಸಲು ಸಿಹಿ ನೀರಿಲ್ಲ. ಖಾಲಿ ಮಾಡಬೇಡ ಎಂದರೆ ಬೋರಿನಲ್ಲಿ ಸಿಹಿ ನೀರಿಲ್ಲವೆಂದಾಯಿತು. ತಾತ್ಯಾಸಾಹೇಬರು ಬೇವಿನ ಎಲೆಗಳನ್ನು ನೋಡುತ್ತ ಕೂತರು. ಹೆಂಡತಿ ಸೋಸಿ, ಕಾಯಿಸಿ, ಆರಿಸಿದ ನೀರು ಗುಳುಗುಳು ಎಂದು ರೇಡಿಯೇಟರಿಗೆ ಇಳಿಯಿತು. ಉಳಿದಿದ್ದ ಅರ್ಧ ಕೂಲಂಟಿಗೆ ಅರ್ಧ ಶುದ್ಧ ನೀರು. ಡಾಕ್ಟರು ಹೇಳಿದ್ದು, ಅಂಗಡಿಯವನು ಹೇಳಿದ್ದು, ಯಾರೂ ಉದ್ದೇಶಿಸದೆ ಆಗಿಹೋಯಿತು. ಕಾರು ಎಂದೂ ಇಲ್ಲದ ಹಾಗೆ ತಣ್ಣಗೆ ಓಡಿ ಶಿರಗುಪ್ಪಿ ಮುಟ್ಟಿತು. ಮಾಲೀಕರು ಮಾತ್ರ ಒಳಗೇ ಕುದಿಯುತ್ತ ಬಂದರು.

ಬೋರಿನ ಹತ್ತಿರ ಆಗಲೇ ಮಂದಿ ಕೂಡಿದ್ದರು. ತನ್ನ ಬದುವಿನ ಮೇಲೆ ಆಬಾಸಾಹೇಬನೂ ನಿಂತಿದ್ದ.

"ಕರೆಂಟ್ ಇಲ್ಲರಿ ಸಾಹೇಬ್ರ" ಎಂದರು ತಾತ್ಯಾಸಾಹೇಬರು, ಬಹಳ ದುಃಖದಿಂದ.

ವಿರುಪಾಕ್ಷಪ್ಪನವರು ಆಬಾಸಾಹೇಬನ ಹೊಲದಲ್ಲಿ ಬುದುಬುದು ನೀರು ಎತ್ತುತ್ತಿದ್ದ ಮೋಟರನ್ನು ನೋಡಿದರು. ಕೇಳದಿದ್ದರೂ ಭೀಮಸಿ ಮುಂದೆ ಬಂದ. ಯಜಮಾನನ ಕೆಲಸ ಎಷ್ಟು ಚೊಕ್ಕಟ ಮಾಡಿದ್ದೇನೆಂದು ತೋರಿಸುವ ಹುರುಪು ಅವನಿಗೆ.

"ಕರೆಂಟ್ ಐತ್ರಿ ಸಾಹೇಬ್ರ! ಫ್ಯೂಜ್ ನನ್ನ ಕಿಸೇದಾಗ ಜ್ವಾಕಿ ಇಟ್ಟೇನಿ. ಹಾಕ್ಲೇನ್ರಿ?"

ಹಾಕಿದ. ನೀರು ಬಂತು. ಇಂಜಿನಿಯರು ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು, ಅದನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡರು. ಉಗುಳಿದರೆ ಮನೆಯವರಿಗೆ ಅಪಮಾನ, ನುಂಗಿದರೆ ತಮಗೆ ಕಷ್ಟ. ಕೊನೆಗೆ ನುಂಗಿದರು.

"ತಾತ್ಯಾಸಾಹೇಬ್ರ, ಚಿಕ್ಕೋಡಿಯಾಗ ಕುಡಿದದ್ದೂ ಈ ಬೋರಿಂದs ಏನ್ರಿ?"

"ಹೌದ್ರಿ."

"ಹಂಗಾದ್ರ ನಾವು ದಾರಿಯಾಗಿದ್ದಾಗ ಬೋರು ಕೆಟ್ಟತೇನೋ ಪಾಪ."

ಮಂದಿ ನಕ್ಕರು. ಈ ಸಲ ಮುಖ ತಿರುಗಿಸಿಕೊಳ್ಳಲು ಬಸ್ಸಿನ ಕಿಟಕಿಯಿರಲಿಲ್ಲ. ತಾತ್ಯಾಸಾಹೇಬರು ಆಬಾಸಾಹೇಬನ ಕಡೆ ನೋಡಿದರು. ಆತ ನಗುತ್ತಿರಲಿಲ್ಲ, ತಲೆ ತಗ್ಗಿಸಿ ಬದುವಿನ ಹುಲ್ಲು ಕೀಳುತ್ತಿದ್ದ. ನಕ್ಕಿದ್ದರೆ ಚೆನ್ನಾಗಿತ್ತು. ಸುಟ್ಟ ಕೈ ಆಗ ನಿಜವಾಗಿ ಉರಿಯತೊಡಗಿತು.

ಟಾಕಿ ಹೊಳೆಯ ನೀರಿಗೆ ಆಯಿತು. ಕಟ್ಟಿದ್ದು ಊರ ದನ ಮೇಯುವ ಗಾಯರಾಣ ಜಾಗದಲ್ಲಿ, ಯಾರ ತಂದೆಯ ಹೆಸರೂ ಇಲ್ಲದೆ.

ತಾತ್ಯಾಸಾಹೇಬರು ಹದಿನೈದು ದಿನ ಕಟ್ಟೆಯ ಮೇಲೆ ಕೂರಲಿಲ್ಲ. ತಾರಾಬಾಯಿ ಕೈಗೆ ಬೆಣ್ಣೆ ಹಚ್ಚುತ್ತಿದ್ದಳು. ಆದರೆ ಅವರ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿತ್ತು: ಆ ದಿನ ಗಾಡಿ ಯಾಕೆ ತಣ್ಣಗಾಯಿತು? ಒಂದು ಬೆಳಗ್ಗೆ ಎದ್ದವರೇ ಅಥಣಿಗೆ ಹೋಗಿ ರೇಡಿಯೇಟರು ಬಿಚ್ಚಿಸಿದರು. ನಳಿಗೆಗಳೊಳಗಿಂದ ಸುಣ್ಣದ ಬಿಲ್ಲೆಗಳೂ ಅರಿಷಿಣದ ಗಸಿಯೂ ಹೊರಬಿದ್ದವು. ತೊಳೆಸಿ, ಬೆಸುಗೆ ಹಾಕಿಸಿ, ಥರ್ಮೋಸ್ಟಾಟನ್ನು ಮರಳಿ ಕೂರಿಸಲು ಹೇಳಿದರು. ಬಾಳಾಸಾಬ ತನ್ನ ಡಬ್ಬಿಯನ್ನು ನೆಲಕ್ಕೆ ಸುರುವಿ, "ಇದರಾಗ ನಿಮ್ದು ಯಾವ್ದೋ ನೀವs ಗುರ್ತ ಹಿಡೀರಿ" ಎಂದ. ಆಮೇಲೆ ಎರಡು ದಿನ ಮೀರಜಿನ ಪೇಟೆ ಸುತ್ತಿ ಹೊಸದನ್ನು ತಂದರು.

ಮುಂದೆ ಆ ಕಾರು ತೊಂಬತ್ತಾರರವರೆಗೂ ಕುದಿಯದೆ ಓಡಿತು. ಎರಡು ವರ್ಷಕ್ಕೊಮ್ಮೆ ಹಳೆಯ ಹಸಿರನ್ನು ದನ, ನಾಯಿ ಮುಟ್ಟದಂತೆ ಕುಣಿ ತೋಡಿ ಮುಚ್ಚಿ, ಹೊಸದನ್ನು ತಾರಾಬಾಯಿಯ ಸೋಸಿದ ನೀರಿಗೆ ಸರಿಯರ್ಧ ಬೆರೆಸಿ ತಾವೇ ತುಂಬುತ್ತಿದ್ದರು. ವಿದ್ಯೆ ಸಿಕ್ಕ ಮೇಲೆ ಸುಮ್ಮನಿರುವವರಲ್ಲ. ಕಟ್ಟೆ ಮತ್ತೆ ತುಂಬಿತು. ಲಾರಿಯವರು, ಜೀಪಿನವರು, ಗಾಡಿಯೇ ಇಲ್ಲದವರು, ಎಲ್ಲರಿಗೂ ಉಪದೇಶ. "ಬರೇ ಕೂಲಂಟ್ ಹಾಕೋ ಹುಚ್ಚರು ಇರತಾರ ನೋಡ್ರಿ ಜಗತ್ತಿನಾಗ" ಎಂದು ಮರುಗುತ್ತಿದ್ದರು. ಆ ಹುಚ್ಚರು ಯಾರೆಂದು ಕೇಳಿದರೆ ಎಡಗಿವಿ ಕೆಲಸ ಮಾಡುತ್ತಿರಲಿಲ್ಲ.

ತೊಂಬತ್ತೆರಡರ ಒಂದು ಸಂಜೆ ಆಬಾಸಾಹೇಬ ಬಂದು ಕಟ್ಟೆಯ ಕೆಳಗೆ ನಿಂತ. ಏಳು ವರ್ಷದಲ್ಲಿ ಮೊದಲ ಸಲ.

"ತಾತ್ಯಾ, ನನ್ನ ಟ್ರ್ಯಾಕ್ಟರ್ ಕುದ್ಯಾಕತ್ತೈತಿ."

ತಾತ್ಯಾಸಾಹೇಬರು ಟೋಪಿ ಸರಿಮಾಡಿಕೊಂಡರು. "ಯಾವ ನೀರು ಹಾಕತೀ?"

"ನಮ್ಮ ಬಾವೀದು."

"ಸವಳು ಐತಿ ಅದು" ಎಂದರು ತಾತ್ಯಾಸಾಹೇಬರು ಬಹಳ ಗಂಭೀರವಾಗಿ. "ನಮ್ಮ ಕಡೆ ಭೂಮಿ ಎಲ್ಲಾ ಸವಳು ಹಿಡದೈತಿ. ನಿನಗ ಗೊತ್ತಿಲ್ಲೇನು?"

ಆಬಾಸಾಹೇಬ ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಆಮೇಲೆ, "ಇಲ್ಲ ಬಿಡು, ನನಗೇನ ಗೊತ್ತು. ನೀ ಹೇಳು" ಎಂದು ಕಟ್ಟೆ ಹತ್ತಿ ಮಗ್ಗುಲಲ್ಲಿ ಕೂತ. ತಾರಾಬಾಯಿ ಚಹಾ ತಂದಿಟ್ಟಳು. ತಾತ್ಯಾಸಾಹೇಬರು ಮೊದಲಿನಿಂದ ಶುರು ಮಾಡಿದರು.